ಎಡಕ್ಕ ಎಳಿಯೂ ಗಾಲಿ

ಮೊದಲನೇದ್ದು ಸಿಕ್ಕದ್ದು ಟಿಳಕವಾಡಿ ಎರಡನೇ ಗೇಟಿನ ಹತ್ತರ.
ಮಿರಜ ಪ್ಯಾಸೆಂಜರಿಗೆ ಗೇಟು ಬಿದ್ದಿತ್ತು.
ಸ್ಕೂಟರು, ರಿಕ್ಷಾ, ಹಾಲಿನ ಕ್ಯಾನು,
ನಡುವ ತಾನೂ ಒಂದು ವಾಹನ ಅನ್ನೂಹಂಗ
ಸಾಲಿನ್ಯಾಗ ನಿಂತಿತ್ತು ಅಂಗಡಿಯ ಟ್ರಾಲಿ.
ಗೇಟು ಎದ್ದಿತು. ಎಲ್ಲಾರೂ ಹೋದರು.
ಅದೊಂದ ಹೋಗಲಿಲ್ಲ.
ಹಿಂದಿನವ ಹಾರ್ನ್ ಹೊಡದ, ನನ್ನ ಮಾರಿ ನೋಡಿ:
'ಕಾಕಾ, ನಿಮ್ಮ ಗಾಡಿ ತಗೀರಿ!'

ನಂದಲ್ಲ ಅನ್ನಬೇಕಿತ್ತು.
ಅನ್ನಲಿಲ್ಲ. ತಗದೆ.

ಹಂಗ ಹತ್ತಿದ ಚಟ ಇದು.
ಮಂದಿಗೆ ಎಲಿ-ಅಡಿಕಿ ಇರತೈತಿ, ಇಸ್ಪೇಟು ಇರತೈತಿ.
ನಸುಕಿನ್ಯಾಗ ಮಂಜು ಹರಿಯೂದ್ರಾಗ ಎದ್ದು
ಹಿಂದವಾಡಿ, ಅನಗೋಳ ನಾಕಾ, ಕಾಲೇಜಿನ ಮೈದಾನ—
ಹಾಸ್ಟೇಲ್ ಹುಡುಗ್ರು ಒಬ್ಬರನ್ನೊಬ್ಬರು ಕೂಡಿಸಿ ದಬ್ಬಿ
ಕೆಡವಿ ಹೋದದ್ದು, ಮಗ್ಗಲಾಗಿ ಬಿದ್ದಿರತೈತಿ ಅಲ್ಲಿ,
ಹೊಟ್ಟಿ ತುಂಬ ಇಬ್ಬನಿ.

ನಲವತ್ತು ವರ್ಷ ಶಹಾಪುರದಾಗ
ಹೊಲಿಗಿ ಮಷೀನ ರಿಪೇರಿ ಮಾಡಿದಾವ ನಾನು.
ತಿರಗೂದು ಯಾವುದ ಇರಲಿ,
ನಿಂತರ ಈ ಕೈಗೆ ಸಮಾಧಾನಿಲ್ಲ.
ಕಿಸೆದಾಗ ಇಂದಿಗೂ ಉದ್ದ ಮೂತಿಯ ಎಣ್ಣಿ ಡಬ್ಬಿ.
ಗಾಲಿಗೆ ಸುತ್ತಿದ ಕೂದಲಾ, ದಾರ, ಪಟದ ಬಾಲಂಗೋಚಿ
ಬ್ಲೇಡಿಲೆ ಬಿಡಿಸಿ, ಎರಡು ಹನಿ ಬಿಟ್ಟು
'ಹೂಂ, ನಡಿ' ಅಂತೀನಿ.
ನಡೀತೈತಿ. ಆದರ ಎಡಕ್ಕ.

ಎಲ್ಲಾ ಟ್ರಾಲೀನೂ ಎಡಕ್ಕ ಎಳೀತಾವು, ಯಾಕೋ.
ಬಲಕ್ಕ ವಾಲಿ ದಬ್ಬಿ ದಬ್ಬಿ
ನನ್ನ ಬಲಗಾಲಿನ ಚಪ್ಪಲಿನ ಮೊದಲ ಸವೀತೈತಿ ಈಗ.

ತಳದಾಗ ಬಿಲ್ಲು ಅಂಟಿರತಾವು, ಓದತೀನಿ.
ಸಾಬೂದಾಣಿ, ಶೇಂಗಾ, ಬಟಾಟಿ: ಏಕಾದಶಿ ಮನಿ.
ಇಲಿ ಪಾಷಾಣ, ಅದರ ಕೆಳಗ ಬಿಸ್ಕೀಟು: ಇರಲಿ, ದೇವರು ಕಾಯಲಿ.
ಒಮ್ಮೆ ಎಳೆಗೂಸಿನ ಪೌಡರು, ಕುಂದಾ ಐದು ಕಿಲೋ—
ಯಾರ ಮನ್ಯಾಗೋ ಏನೋ,
ನನ್ನ ಬಾಯಿ ಸಿಹಿ ಆತು.

ಅಂಗಡಿಯ ವಾಚ್‌ಮನ್ ದುಂಡಪ್ಪ ಮೊದಲ ದಿನ ಕೊಳ್ಳಪಟ್ಟಿ ಹಿಡದಿದ್ದ.
'ಒಯ್ಯೂ ಕಳ್ಳರನ್ನ ನೋಡೀನಿ,
ತಂದುಕೊಡೂ ಕಳ್ಳನ್ನ ನೋಡಿಲ್ಲ' ಅಂದ.
ಆಮ್ಯಾಲ ರಿಜಿಸ್ಟರ್ ತಗದು ಬರದ:
ಹೆಸರು, ಟ್ರಾಲಿ ಕಾಕಾ. ವೇಳೆ, ಆರು ಇಪ್ಪತ್ತು.
ಬಂದ ಉದ್ದೇಶ—
ಪೆನ್ನು ಕಚ್ಚಿಕೊಂತ ನನ್ನ ನೋಡಿದ.
ನಾನು ಅವನ್ನ ನೋಡಿದೆ.
ಆ ಖಾನೆ ಮೂರು ವರ್ಷ ಖಾಲಿನ ಇತ್ತು.

ಚಂಪಾ ಅಂತಾಳ:
'ಸೊಸೈಟಿಂದ ಅಕ್ಕಿ ತರ್ರಿ ಅಂದ್ರ ಮೊಣಕಾಲು ನೋವು.
ಇದಕ್ಕ ನೋವಿಲ್ಲ.'
ಖರೇನ ಅಂತಾಳ. ಉತ್ತರ ಇಲ್ಲ.
ಕಾಕತ್ಕರ ಬಾಯಿ ಪ್ರತಿ ಶನಿವಾರ ಬಾಗಿಲತನಾ ಒಯ್ದು
ತುಳಸಿಕಟ್ಟಿ ಮಗ್ಗಲಕ ಬಿಡತಾಳ;
ನಾನು ತಗೊಳ್ಳೂವಾಗ ಕಿಟಕ್ಯಾಗಿಂದ ಕೇಳತಾಳ,
'ಪಗಾರ ಎಷ್ಟು ಕೊಡತಾರ?'

ಶ್ರಾವಣದಾಗ ಅಂಗಡಿ ಮುಚ್ಚಿತು.
ಬೋರ್ಡು ಇಳಿಸಿದ ಗ್ವಾಡಿಮ್ಯಾಲ
ಅಕ್ಷರದ ಗುರುತಷ್ಟ ಬೆಳ್ಳಗ ಉಳದಿತ್ತು.
ದುಂಡಪ್ಪ ಖಾನಾಪುರ ರೋಡಿನ ಎಟಿಎಮ್ ಕಾಯಾಕ ಹೋದ.
ಅವತ್ತೂ ನನ್ನ ಕೈಯಾಗ ಒಂದಿತ್ತು.
ಮನಿಗೆ ಒಯ್ದರ ಕಳವು, ಬಿಟ್ಟರ ಗುಜರಿ.
ಕಡೀಕ ಶಟರಿನ ಮುಂದ, ಯಾವಾಗಲೂ ನಿಲ್ಲಿಸೂ ಜಾಗಾದಾಗ,
ಮಾರಿ ಒಳಗ ಮಾಡಿ ನಿಲ್ಲಿಸಿ ಬಂದೆ.

ಮರುದಿನ ಅದು ಎರಡನೇ ಗೇಟಿನ್ಯಾಗ!
ತಂದು ನಿಲ್ಲಿಸಿದೆ.
ಅದರ ಮರುದಿನ ಗೋವಾವೇಸ್, ಪೆಟ್ರೋಲ್ ಪಂಪಿನ ಹಿಂದ.
ತಂದೆ.
ರಾತ್ರಿ ಯಾರೋ ಒಯ್ಯತಾರ, ಮುಂಜಾನೆ ನಾನು ತರತೀನಿ.
ಏನು ಹಾಕಿ ಒಯ್ಯತಾರೋ,
ಬಿಲ್ಲೂ ಇಲ್ಲ ಓದಾಕ.

ಇವತ್ತು ಅನಗೋಳದಾಗ ಸಿಕ್ಕಿತು.
ಎರಡು ಹನಿ ಎಣ್ಣಿ ಬಿಟ್ಟು, ರೂಢಿಲೆ ಬಲಕ್ಕ ವಾಲಿ ದಬ್ಬಿದೆ.
ಸೀದಾ ಹೋಗಿ ಗಟಾರದ ಕಟ್ಟಿಗೆ ಬಡದೆವು,
ಅದೂ ನಾನೂ.
ಬೊಗ್ಗಿ ನೋಡತೀನಿ:
ಎಡಗಾಲಿ ಬಿಚ್ಚಿ, ಸೊಟ್ಟ ತಗದು,
ಹೊಸಾ ನಟ್ಟು ಹಾಕ್ಯಾರ ಯಾರೋ.

ಮೊಣಕಾಲು ಕೆತ್ತಿತ್ತು. ಅಲ್ಲೇ ಕುಂತು
ಒಂದಷ್ಟು ಹೊತ್ತು ಗಾಲಿ ತಿರಿವಿದೆ.
ಭಾಳ ಚಂದ ತಿರಗತೈತಿ.

ಚಂಪಾಗ ಹೇಳಿಲ್ಲ.
ಡಬ್ಬಿಗೆ ಎಣ್ಣಿ ತುಂಬಿಸಿ ಇಟ್ಟೀನಿ.